ಭಾರತದ ಅಂಕಿಗಳನ್ನು ಯುರೋಪಿನಲ್ಲಿ ಕಲಿಸಿದ ಪೋಪ್ ನಿಜವಾಗಿ ಯಾರು?

ಪ್ರಶ್ನೆ: ಸಾವಿರ ವರ್ಷಗಳ ಹಿಂದೆ ಎರಡನೇ ಸಿಲ್ವೆಸ್ಟರ್ ಎಂಬ ಪೋಪ್ ಭಾರತದ ಅಂಕಿಗಳನ್ನೂ ಸೊನ್ನೆಯನ್ನೂ ಯುರೋಪಿಗೆ ತಂದರಂತೆ. ಅದಕ್ಕೆ ಚರ್ಚ್ ಅವರನ್ನು ಮಾಟಗಾರ ಎಂದು ಕರೆದು ಕೊಲ್ಲಿಸಿತಂತೆ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಈ ಮಾತು ಓಡಾಡುತ್ತಿದೆ. ಇದರಲ್ಲಿ ಎಷ್ಟು ನಿಜ? ಅಷ್ಟಕ್ಕೂ ಈ ಪೋಪ್ ಯಾರು? ಅವರಿಂದ ಉಳಿದದ್ದೇನು?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಅಂಕಿಗಳ ಮಾತು ಬಹುಮಟ್ಟಿಗೆ ನಿಜ. ಸೊನ್ನೆಯ ಮಾತು ನಿಜವಲ್ಲ. ಕೊಲ್ಲಿಸಿದರು ಎಂಬುದು ಪೂರ್ತಿ ಸುಳ್ಳು. ಅವರು ಪೋಪ್ ಆಗಿಯೇ 1003ರ ಮೇ 12ರಂದು ರೋಮಿನಲ್ಲಿ ತೀರಿಕೊಂಡರು, ಪೋಪರಿಗೆ ಸಲ್ಲುವ ಗೌರವದೊಂದಿಗೇ ಅವರನ್ನು ಸಮಾಧಿ ಮಾಡಿದರು. ಮಾಟದ ಕಥೆ ಹುಟ್ಟಿದ್ದು ಅವರು ಸತ್ತು ಸುಮಾರು ಎಂಬತ್ತು ವರ್ಷ ಆದ ಮೇಲೆ. ಅದು ಹುಟ್ಟಿದ್ದಕ್ಕೂ ಗಣಿತಕ್ಕೂ ಸಂಬಂಧ ಕಮ್ಮಿ, ರಾಜಕೀಯಕ್ಕೇ ಜಾಸ್ತಿ.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಈ ಮನುಷ್ಯನಿಗೆ ಅನ್ಯಾಯ ಮಾಡಿದ ಹಾಗೆ. ನನ್ನ ದೃಷ್ಟಿಯಲ್ಲಿ ಅವರು ಎಲ್ಲಕ್ಕಿಂತ ಮೊದಲು ಒಬ್ಬ ಮೇಷ್ಟ್ರು. ಪೋಪ್ ಪಟ್ಟ ಸಿಕ್ಕಿದ್ದು ಬದುಕಿನ ಕೊನೆಯ ನಾಲ್ಕು ವರ್ಷಕ್ಕೆ. ಉಳಿದ ಬದುಕೆಲ್ಲ ಕಲಿಯುವುದರಲ್ಲಿ, ಕಲಿಸುವುದರಲ್ಲಿ, ಪುಸ್ತಕ ಹುಡುಕುವುದರಲ್ಲಿ ಕಳೆಯಿತು.

ಅವರ ಮೊದಲ ಹೆಸರು ಗೆರ್ಬರ್ಟ್. ಹುಟ್ಟಿದ್ದು ಸುಮಾರು 946ರಲ್ಲಿ, ಈಗಿನ ಫ್ರಾನ್ಸಿನ ಓವೆರ್ನ್ ಎಂಬ ಬೆಟ್ಟದ ಸೀಮೆಯಲ್ಲಿ. ಆ ಕಾಲದಲ್ಲಿ ಬಿಷಪ್ ಆಗುವವರು ಹೆಚ್ಚಾಗಿ ದೊಡ್ಡ ಮನೆತನದ ಮಕ್ಕಳು. ಗೆರ್ಬರ್ಟ್‌ಗೆ ಅಂಥ ಬೆಂಬಲ ಇರಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಓರಿಯಾಕ್ ಊರಿನ ಸಂತ ಜೆರಾಲ್ಡರ ಮಠ ಸೇರಿದರು. ಅಲ್ಲಿ ರೇಮಂಡ್ ಎಂಬ ಸನ್ಯಾಸಿಯ ಹತ್ತಿರ ಲ್ಯಾಟಿನ್ ವ್ಯಾಕರಣ ಕಲಿತರು. ಎಷ್ಟೋ ವರ್ಷಗಳ ಮೇಲೆ, ದೊಡ್ಡವರ ನಡುವೆ ಓಡಾಡುತ್ತಿದ್ದಾಗಲೂ, ನನ್ನ ವಿದ್ಯೆಗೆಲ್ಲ ರೇಮಂಡರೇ ಮೂಲ ಎಂದು ಆ ಮಠಕ್ಕೆ ಕಾಗದ ಬರೆಯುತ್ತಿದ್ದರು.

967ರಲ್ಲಿ ಬಾರ್ಸಿಲೋನಾದ ದೊರೆ ಎರಡನೇ ಬೊರೆಲ್ ಆ ಮಠಕ್ಕೆ ಬಂದ. ನಿಮ್ಮ ಕಡೆ ವಿದ್ವಾಂಸರು ಇದ್ದಾರಾ ಎಂದು ಮಠದ ಹಿರಿಯರು ಕೇಳಿದರು. ಇದ್ದಾರೆ ಎಂದ. ಹಾಗಾದರೆ ನಮ್ಮ ಈ ಹುಡುಗನನ್ನು ಕರೆದುಕೊಂಡು ಹೋಗಿ ಎಂದು ಗೆರ್ಬರ್ಟರನ್ನು ಅವನ ಜೊತೆ ಕಳಿಸಿದರು. ಇದನ್ನು ನಮಗೆ ಹೇಳುವವನು ರಿಷೇ. ಅವನು ಮುಂದೆ ಗೆರ್ಬರ್ಟ್‌ರ ಶಿಷ್ಯನಾದ ಸನ್ಯಾಸಿ, ಚರಿತ್ರೆಕಾರ. ಅವನ ಸ್ವಂತ ಕೈಬರಹದ ಪ್ರತಿಯೇ ಜರ್ಮನಿಯ ಬಾಂಬೆರ್ಗ್‌ನಲ್ಲಿ ಉಳಿದಿದೆ. ಸಾವಿರ ವರ್ಷದ ಹಿಂದಿನ ಒಬ್ಬ ಮೇಷ್ಟ್ರ ಪಾಠ ಹೇಗಿತ್ತು ಅಂತ ಅವರ ಶಿಷ್ಯನೇ ಕೂತು ಬರೆದದ್ದು ಸಿಗುವುದು ಅಪರೂಪ. ಈ ಕಥೆಯಲ್ಲಿ ನನಗೆ ತುಂಬಾ ಖುಷಿ ಕೊಡುವ ಸಂಗತಿ ಅದು.

ಕೆಟಲೋನಿಯಾ ಆಗ ಗಡಿನಾಡು. ದಕ್ಷಿಣಕ್ಕೆ ಕಾರ್ಡೊಬಾದ ಖಲೀಫರ ರಾಜ್ಯ. ಅಲ್ಲಿನ ಗ್ರಂಥಾಲಯ ಜಗತ್ತಿಗೇ ಹೆಸರಾಗಿತ್ತು. ಬಾರ್ಸಿಲೋನಾದಿಂದ ಕಾರ್ಡೊಬಾಕ್ಕೆ ದೂತರು ಹೋಗಿಬರುತ್ತಿದ್ದರು. ಅವರ ಜೊತೆ ಪುಸ್ತಕಗಳೂ ವಿಷಯಗಳೂ ಉತ್ತರಕ್ಕೆ ಸಾಗುತ್ತಿದ್ದವು. ಗೆರ್ಬರ್ಟ್ ಸುಮಾರು ಮೂರು ವರ್ಷ ವಿಕ್ ಊರಿನ ಬಿಷಪ್ ಅಟ್ಟೊ ಅವರ ಹತ್ತಿರ ಗಣಿತ ಕಲಿತರು. ಅವರು ಕಾರ್ಡೊಬಾಕ್ಕೇ ಹೋಗಿ ಅರಬ್ ವಿದ್ವಾಂಸರ ಬಳಿ ಓದಿದರು ಎಂದು ಕೆಲವರು ಬರೆಯುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ರಿಷೇ ಹೇಳುವುದು ಕೆಟಲೋನಿಯಾ ಮತ್ತು ಅಟ್ಟೊ, ಅಷ್ಟೇ. ಗೆರ್ಬರ್ಟ್‌ರ ಕಾಗದಗಳು 200ಕ್ಕೂ ಹೆಚ್ಚು ಉಳಿದಿವೆ. ಅವುಗಳಲ್ಲಿ ಅವರು ಸ್ಪೇನಿನ ಕಡೆಯ ಪುಸ್ತಕಗಳನ್ನು ಕೇಳುತ್ತಾರೆ. ಬಾರ್ಸಿಲೋನಾದ ಲುಪಿಟಸ್ ಎಂಬುವನು ಅನುವಾದಿಸಿದ ಜ್ಯೋತಿಷದ ಪುಸ್ತಕ ಬೇಕು ಎನ್ನುತ್ತಾರೆ. ಸ್ಪೇನಿನ ಜೋಸೆಫ್ ಎಂಬುವನು ಗುಣಾಕಾರ, ಭಾಗಾಕಾರದ ಬಗ್ಗೆ ಬರೆದ ಪುಸ್ತಕ ಬೇಕು ಎನ್ನುತ್ತಾರೆ. ಕಾರ್ಡೊಬಾದಲ್ಲಿ ಓದಿದ ನೆನಪು ಮಾತ್ರ ಎಲ್ಲೂ ಬರುವುದಿಲ್ಲ.

ಅಂಕಿಗಳು ಆಗಲೇ ಸ್ಪೇನಿನ ಕ್ರೈಸ್ತ ಮಠಗಳಿಗೆ ತಲುಪಿದ್ದವು ಎನ್ನುವುದಕ್ಕೆ ಗಟ್ಟಿ ಸಾಕ್ಷಿ ಇದೆ. ಉತ್ತರ ಸ್ಪೇನಿನ ಅಲ್ಬೆಲ್ಡಾ ಮಠದಲ್ಲಿ 976ರಲ್ಲಿ ಬರೆದು ಮುಗಿಸಿದ ಒಂದು ಹಸ್ತಪ್ರತಿಯಲ್ಲಿ ನಮ್ಮ ಒಂಬತ್ತು ಅಂಕಿಗಳಿವೆ. ಭಾರತೀಯರ ಬುದ್ಧಿ ಬಹಳ ಸೂಕ್ಷ್ಮ, ಅಂಕಗಣಿತ ಮತ್ತು ರೇಖಾಗಣಿತದಲ್ಲಿ ಉಳಿದ ಜನ ಅವರಿಗೆ ತಲೆಬಾಗಬೇಕು ಎಂದು ಅದನ್ನು ಬರೆದ ಸನ್ಯಾಸಿ ಬಾಯ್ತುಂಬ ಹೊಗಳಿದ್ದಾನೆ. ಅಂದರೆ ಅಂಕಿಗಳನ್ನು ಯುರೋಪಿನಲ್ಲಿ ಮೊದಲು ಕಂಡವರು ಗೆರ್ಬರ್ಟ್ ಅಲ್ಲ. ಆದರೆ ಅವನ್ನು ಪಾಠದ ಕೋಣೆಗೆ ತಂದು, ಹುಡುಗರ ಕೈಗೆ ಕೊಟ್ಟು, ಲೆಕ್ಕ ಮಾಡಿಸಿದವರು ಅವರೇ. ದೊಡ್ಡ ಕೆಲಸ ಅದು.

970ರ ಹೊತ್ತಿಗೆ ಬೊರೆಲ್ ಮತ್ತು ಅಟ್ಟೊ ಇಬ್ಬರೂ ಗೆರ್ಬರ್ಟರನ್ನು ರೋಮಿಗೆ ಕರೆದೊಯ್ದರು. ಈ ಯುವಕ ಗಣಿತ ಬಲ್ಲ ಎಂದು ಪೋಪ್ ಹದಿಮೂರನೇ ಜಾನ್ ಚಕ್ರವರ್ತಿ ಮೊದಲನೇ ಒಟ್ಟೊಗೆ ಹೇಳಿಕಳಿಸಿದರು. ಆದರೆ ಗೆರ್ಬರ್ಟ್‌ಗೆ ಆಗ ಬೇಕಿದ್ದದ್ದು ತರ್ಕಶಾಸ್ತ್ರ. ರೇಮ್ಸ್ ನಗರದ ಗೆರಾನಸ್ ಎಂಬ ವಿದ್ವಾಂಸ ತರ್ಕದಲ್ಲಿ ಹೆಸರಾಗಿದ್ದ. ನೀವು ನನಗೆ ತರ್ಕ ಕಲಿಸಿ, ನಾನು ನಿಮಗೆ ಗಣಿತ ಕಲಿಸುತ್ತೇನೆ ಎಂಬ ಒಪ್ಪಂದದ ಮೇಲೆ ಗೆರ್ಬರ್ಟ್ ಅವನ ಜೊತೆ ರೇಮ್ಸ್‌ಗೆ ಹೊರಟರು. ಗೆರ್ಬರ್ಟ್ ತರ್ಕ ಕಲಿತರು. ಗೆರಾನಸ್‌ಗೆ ಮಾತ್ರ ಗಣಿತ ಕಷ್ಟವಾಗಿ ಅರ್ಧಕ್ಕೇ ಬಿಟ್ಟುಬಿಟ್ಟ!

ರೇಮ್ಸ್‌ನ ಆರ್ಚ್‌ಬಿಷಪ್ ಅಡಾಲ್ಬೆರೊ ಗೆರ್ಬರ್ಟರನ್ನು ಅಲ್ಲಿನ ಶಾಲೆಗೆ ಮೇಷ್ಟ್ರಾಗಿ ಮಾಡಿದರು. ಈಗ ಅಬಾಕಸ್, ಅಂದರೆ ಲೆಕ್ಕದ ಹಲಗೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಯ ತಿರುಳು ಇರುವುದು ಅಲ್ಲೇ.

ಗುರಾಣಿ ಮಾಡುವ ಕುಶಲಕರ್ಮಿಯೊಬ್ಬನಿಂದ ಗೆರ್ಬರ್ಟ್ ಒಂದು ಲೆಕ್ಕದ ಹಲಗೆ ಮಾಡಿಸಿದರು. ಉದ್ದಕ್ಕೆ 27 ಸಾಲು. ಬಲಗಡೆಯದು ಬಿಡಿ, ಅದರ ಎಡಕ್ಕೆ ಹತ್ತು, ಆಮೇಲೆ ನೂರು, ಸಾವಿರ, ಹೀಗೆ. ಅದರ ಜೊತೆಗೆ ಕೊಂಬಿನಿಂದ ಕೆತ್ತಿಸಿದ 1000 ಬಿಲ್ಲೆಗಳು. ಪ್ರತಿ ಬಿಲ್ಲೆಯ ಮೇಲೆ ಒಂದರಿಂದ ಒಂಬತ್ತರವರೆಗಿನ ಯಾವುದಾದರೂ ಒಂದು ಚಿಹ್ನೆ. ಆ ಚಿಹ್ನೆಗಳೇ ಭಾರತದಿಂದ ಹೊರಟು ಅರಬರ ಮೂಲಕ ಬಂದ ಅಂಕಿಗಳು.

ಅದಕ್ಕೂ ಮೊದಲು ಯುರೋಪಿನಲ್ಲಿ ಲೆಕ್ಕದ ಹಲಗೆ ಇರಲಿಲ್ಲ ಎಂದಲ್ಲ. ರೋಮನ್ನರ ಕಾಲದಲ್ಲೇ ಇತ್ತು. ಆದರೆ ಅಲ್ಲಿ ಏಳು ತೋರಿಸಬೇಕಾದರೆ ಏಳು ಕಲ್ಲು ಇಡಬೇಕು, ಇಲ್ಲವೇ ಐದರದ್ದು ಒಂದು, ಬಿಡಿಯವು ಎರಡು. ಗೆರ್ಬರ್ಟ್‌ರ ಹಲಗೆಯಲ್ಲಿ ಏಳು ಎಂದು ಬರೆದ ಒಂದೇ ಬಿಲ್ಲೆ ಸಾಕು.

207 ಅನ್ನು ಆರರಿಂದ ಗುಣಿಸಬೇಕು ಎಂದಿಟ್ಟುಕೊಳ್ಳಿ. ರೋಮನ್ ಅಂಕಿಗಳಲ್ಲಿ 207 ಎಂದರೆ ಎರಡು ಸಿ, ಒಂದು ವಿ, ಎರಡು ಐ. ಅದನ್ನು ನೋಡುತ್ತ ಹೇಗೆ ಗುಣಿಸುತ್ತೀರಿ? ಕಷ್ಟ, ಅಲ್ವಾ? ಗೆರ್ಬರ್ಟ್‌ರ ಹಲಗೆಯಲ್ಲಿ ನೂರರ ಸಾಲಿಗೆ ಎರಡರ ಬಿಲ್ಲೆ, ಬಿಡಿಯ ಸಾಲಿಗೆ ಏಳರ ಬಿಲ್ಲೆ. ಹತ್ತರ ಸಾಲು ಸುಮ್ನೆ ಖಾಲಿ. ಈಗ ಏಳಾರಲಿ ನಲವತ್ತೆರಡು. ಬಿಡಿಯ ಸಾಲಿಗೆ ಎರಡು, ಹತ್ತರ ಸಾಲಿಗೆ ನಾಲ್ಕು. ಎರಡಾರಲಿ ಹನ್ನೆರಡು. ಅದು ನೂರರ ಲೆಕ್ಕ, ಹಾಗಾಗಿ ನೂರರ ಸಾಲಿಗೆ ಎರಡು, ಸಾವಿರದ ಸಾಲಿಗೆ ಒಂದು. ಎಡದಿಂದ ಓದಿದರೆ 1242. ಮಗ್ಗಿ ಗೊತ್ತಿದ್ದರೆ ಸಾಕು. ನಾವು ಇವತ್ತು ಶಾಲೆಯಲ್ಲಿ ಮಾಡುವ ಗುಣಾಕಾರವೇ ಇದು.

ಸೊನ್ನೆ ಎಲ್ಲಿ ಹೋಯಿತು ಎಂಬುದು ಈಗ ನಿಮಗೇ ಕಾಣುತ್ತದೆ. ಹಲಗೆಯ ಮೇಲೆ ಅದು ಬೇಕಾಗಲೇ ಇಲ್ಲ. ಖಾಲಿ ಸಾಲೇ ಅದರ ಕೆಲಸ ಮಾಡಿತು. ಆದರೆ ಅದೇ ಬಿಲ್ಲೆಗಳನ್ನು ಹಲಗೆಯಿಂದ ಎತ್ತಿ ಕಾಗದದ ಮೇಲೆ ಅಕ್ಕಪಕ್ಕ ಇಟ್ಟು ನೋಡಿ. 207 ಹೋಗಿ 27 ಆಗುತ್ತದೆ. ಹಾಗಾಗಿ ಹೊಸ ಅಂಕಿಗಳು ಹಲಗೆ ದಾಟಿ ಹೊರಗೆ ಬರಲು ಆಗಲಿಲ್ಲ. ಲೆಕ್ಕ ಮಾಡುವುದು ಭಾರತದ ಅಂಕಿಯಲ್ಲಿ, ಉತ್ತರ ಬರೆದಿಡುವುದು ರೋಮನ್ ಅಂಕಿಯಲ್ಲಿ. ಗೆರ್ಬರ್ಟ್ ಮತ್ತು ಅವರ ಶಿಷ್ಯರು ನಿಂತದ್ದು ಈ ಹೊಸ್ತಿಲ ಮೇಲೆ.

ಇದೇ ಹೊತ್ತಿಗೆ ನಮ್ಮಲ್ಲಿ ಸೊನ್ನೆ ಹಳೆಯ ವಿಷಯವಾಗಿತ್ತು. ಬ್ರಹ್ಮಗುಪ್ತ 628ರಲ್ಲೇ ಸೊನ್ನೆಯ ಜೊತೆ ಕೂಡುವ, ಕಳೆಯುವ, ಗುಣಿಸುವ ನಿಯಮ ಬರೆದಿದ್ದ. ಗೆರ್ಬರ್ಟ್ ಹುಟ್ಟುವುದಕ್ಕೆ ಸುಮಾರು ನೂರು ವರ್ಷ ಮೊದಲು, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದಿದ್ದರು. ಯಾವ ಸಂಖ್ಯೆಯನ್ನಾದರೂ ಸೊನ್ನೆಯಿಂದ ಗುಣಿಸಿದರೆ ಸೊನ್ನೆ ಎಂದು ಅದರಲ್ಲಿದೆ. ಗೆರ್ಬರ್ಟ್‌ಗೆ ಮಹಾವೀರರ ಹೆಸರು ತಲುಪುವ ದಾರಿಯೇ ಇರಲಿಲ್ಲ. ಅವರಿಗೆ ತಲುಪಿದ್ದು ಒಂಬತ್ತು ಚಿಹ್ನೆಗಳು, ಮತ್ತು ಸ್ಥಾನಕ್ಕೆ ತಕ್ಕ ಬೆಲೆ ಎಂಬ ವಿಚಾರ. ಕಾಗದದ ಮೇಲೆ ಸೊನ್ನೆ ಸಮೇತ ಲೆಕ್ಕ ಮಾಡುವ ವಿಧಾನ ಯುರೋಪಿಗೆ ಗಟ್ಟಿಯಾಗಿ ಬಂದದ್ದು ಹನ್ನೆರಡನೇ ಶತಮಾನದಲ್ಲಿ, ಬಾಗ್ದಾದಿನ ಗಣಿತಜ್ಞ ಅಲ್-ಖ್ವಾರಿಜ್ಮಿಯ ಗಣಿತ ಲ್ಯಾಟಿನ್‌ಗೆ ಬಂದಾಗ. ಆಮೇಲೆ 1202ರಲ್ಲಿ ಪೀಸಾದ ಫಿಬೊನಾಚಿ ಅದನ್ನು ವ್ಯಾಪಾರಿಗಳ ಲೆಕ್ಕಕ್ಕೆ ಹೊಂದಿಸಿ ವಿವರಿಸಿದ. ಆಗಲೂ ಜನ ಸುಲಭಕ್ಕೆ ಒಪ್ಪಲಿಲ್ಲ. 1299ರಲ್ಲಿ ಫ್ಲಾರೆನ್ಸಿನ ಹಣ ವಿನಿಮಯದವರ ಸಂಘ, ಲೆಕ್ಕದ ಪುಸ್ತಕದಲ್ಲಿ ಈ ಅಂಕಿಗಳನ್ನು ಬಳಸಬಾರದು ಎಂದು ನಿಯಮ ಮಾಡಿತು. ಗೆರ್ಬರ್ಟ್ ಕಲಿಸಿ 300 ವರ್ಷ ಆದ ಮೇಲಿನ ಮಾತು ಇದು!

ಗೆರ್ಬರ್ಟ್‌ರ ಪಾಠ ಗಣಿತಕ್ಕೇ ನಿಲ್ಲುತ್ತಿರಲಿಲ್ಲ. ಕೈಯಲ್ಲಿ ಹಿಡಿದು ನೋಡಬಹುದಾದ ಸಾಧನ ಇಲ್ಲದೆ ಅವರು ಏನನ್ನೂ ಕಲಿಸುತ್ತಿರಲಿಲ್ಲ ಅನಿಸುತ್ತದೆ. ಸಂಗೀತದ ಸ್ವರಗಳ ಅನುಪಾತ ತೋರಿಸಲು ಒಂದೇ ತಂತಿಯ ವಾದ್ಯ. ಆಕಾಶ ತೋರಿಸಲು ಮರದ ಗೋಳಗಳು. ಅವರ ಗೆಳೆಯ ಕಾನ್‌ಸ್ಟಂಟೈನ್ ಎಂಬ ಸನ್ಯಾಸಿಗೆ ಬರೆದ ಕಾಗದದಲ್ಲಿ ಅಂಥ ಒಂದು ಸಾಧನದ ವಿವರ ಇದೆ. ಒಂದು ಅರ್ಧಗೋಳ, ಅದಕ್ಕೆ ಅರ್ಧ ಅಡಿ ಉದ್ದದ ಕೊಳವೆಗಳು. ಕೊಳವೆಯಲ್ಲಿ ಗಾಜು ಇಲ್ಲ, ಅದು ದೂರದರ್ಶಕವಲ್ಲ. ಸುಮ್ನೆ ಕಣ್ಣು ಒಂದೇ ಕಡೆ ನೆಡಲು. ಒಂದು ಕೊಳವೆಯನ್ನು ಧ್ರುವ ನಕ್ಷತ್ರದ ಕಡೆ ತಿರುಗಿಸಿ ಭದ್ರ ಮಾಡು ಎನ್ನುತ್ತಾರೆ. ನೀನು ಹಿಡಿದದ್ದು ಧ್ರುವವೇ ಹೌದಾ ಎಂಬ ಅನುಮಾನ ಬಂದರೆ ಇಡೀ ರಾತ್ರಿ ಅದೇ ಕೊಳವೆಯಲ್ಲಿ ನೋಡು. ಧ್ರುವವಾದರೆ ರಾತ್ರಿಯೆಲ್ಲ ಅಲ್ಲೇ ಕಾಣುತ್ತದೆ. ಬೇರೆ ನಕ್ಷತ್ರವಾದರೆ ಸ್ವಲ್ಪ ಹೊತ್ತಿಗೇ ಜಾರಿಹೋಗುತ್ತದೆ. ಹತ್ತನೇ ಶತಮಾನದ ಯುರೋಪಿನಲ್ಲಿ, ನಾನು ಹೇಳಿದ್ದನ್ನು ನಂಬು ಎನ್ನದೆ, ನೀನೇ ಪರೀಕ್ಷೆ ಮಾಡಿ ನೋಡು ಎನ್ನುವ ಮೇಷ್ಟ್ರು. ನನಗೆ ಅವರ ಬಗ್ಗೆ ಇರುವ ಪ್ರೀತಿಗೆ ಈ ಒಂದು ಕಾಗದ ಸಾಕು.

ಪುಸ್ತಕದ ಹುಚ್ಚೂ ಅಷ್ಟೇ. ಇಟಲಿ, ಜರ್ಮನಿ, ಲೊರೇನ್ ಕಡೆಯಲ್ಲೆಲ್ಲ ಬರೆಯುವವರಿಗೆ ದುಡ್ಡು ಕೊಟ್ಟು ಪ್ರತಿ ಮಾಡಿಸುತ್ತಿದ್ದರು. ಟ್ರಿಯರ್‌ನ ರೆಮಿ ಎಂಬ ಸನ್ಯಾಸಿ ಒಂದು ಗೋಳ ಬೇಕು ಎಂದು ಕೇಳಿದಾಗ, ಸ್ಟೇಷಿಯಸ್ ಕವಿಯ 'ಅಕಿಲೀಡ್' ಕಾವ್ಯದ ಪ್ರತಿ ಮಾಡಿ ಕಳಿಸು, ಕುದುರೆ ಚರ್ಮ ಹೊದಿಸಿದ ಗೋಳ ಕೊಡುತ್ತೇನೆ ಎಂದು ಬರೆದರು.

ವಾದದಲ್ಲೂ ಗಟ್ಟಿಗರು. ಮಾಗ್ಡೆಬರ್ಗ್‌ನ ಒಟ್ರಿಕ್ ಎಂಬ ದೊಡ್ಡ ವಿದ್ವಾಂಸನಿಗೆ ಅವರ ಮೇಲೆ ಹೊಟ್ಟೆಕಿಚ್ಚು. ರೇಮ್ಸ್‌ಗೆ ಒಬ್ಬ ವಿದ್ಯಾರ್ಥಿಯನ್ನು ಕಳಿಸಿ, ಗೆರ್ಬರ್ಟ್ ಶಾಸ್ತ್ರಗಳನ್ನು ಹೇಗೆ ವಿಂಗಡಿಸಿ ಕಲಿಸುತ್ತಾರೆ ಎಂದು ಪತ್ತೆ ಮಾಡಿಸಿದ. ಬಂದ ಸುದ್ದಿ ತಪ್ಪಾಗಿತ್ತು. ಅದನ್ನೇ ಹಿಡಿದುಕೊಂಡು ಚಕ್ರವರ್ತಿ ಎರಡನೇ ಒಟ್ಟೊ ಹತ್ತಿರ ದೂರು ಒಯ್ದ. ಸುಮಾರು 980ರ ಕೊನೆಯಲ್ಲಿ ರವೆನ್ನಾದಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸಿದರು. ವಾದ ಇಡೀ ದಿನ ನಡೆಯಿತು. ಕೊನೆಗೆ ಚಕ್ರವರ್ತಿಯೇ ಸಾಕು ಎಂದು ಸನ್ನೆ ಮಾಡಬೇಕಾಯಿತು.

ಅದರ ಫಲವಾಗಿ ಇಟಲಿಯ ಬೊಬ್ಬಿಯೊ ಮಠದ ಮುಖ್ಯಸ್ಥರಾದರು. ಅಪರೂಪದ ಪುಸ್ತಕಗಳಿದ್ದ ಮಠ. ಆದರೆ ಮಠದ ಜಮೀನನ್ನೆಲ್ಲ ಊರಿನ ದೊಡ್ಡವರು ಗುತ್ತಿಗೆಯ ಹೆಸರಲ್ಲಿ ನುಂಗಿ ಕೂತಿದ್ದರು. ಸನ್ಯಾಸಿಗಳಿಗೆ ಊಟ, ಬಟ್ಟೆಗೇ ತೊಂದರೆ. ಗೆರ್ಬರ್ಟ್ ಕಟ್ಟುನಿಟ್ಟು ಮಾಡಲು ಹೋಗಿ ಎಲ್ಲರನ್ನೂ ಎದುರು ಹಾಕಿಕೊಂಡರು. 983ರ ಡಿಸೆಂಬರಿನಲ್ಲಿ ಒಟ್ಟೊ ಸತ್ತ ಮೇಲೆ ಅಲ್ಲಿ ನಿಲ್ಲಲು ಆಗದೆ ರೇಮ್ಸ್‌ಗೆ ವಾಪಸ್ ಬಂದರು.

ಇಲ್ಲಿಂದ ಮುಂದೆ ಅವರ ಬದುಕು ರಾಜಕೀಯಕ್ಕೆ ಸಿಕ್ಕಿಕೊಂಡಿತು. 987ರಲ್ಲಿ ಹ್ಯೂ ಕಾಪೆಟ್ ಫ್ರಾನ್ಸಿನ ರಾಜನಾಗಲು ಅಡಾಲ್ಬೆರೊ ಬೆಂಬಲ ದೊಡ್ಡದಿತ್ತು. ಗೆರ್ಬರ್ಟ್ ಅವರ ಬಲಗೈ. ಅಡಾಲ್ಬೆರೊ 989ರಲ್ಲಿ ತೀರಿಕೊಂಡಾಗ ಆ ಪಟ್ಟ ತಮಗೇ ಬರುತ್ತದೆ ಎಂದು ಗೆರ್ಬರ್ಟ್ ನಂಬಿದ್ದರು. ರಾಜ ಅದನ್ನು ಹಳೆಯ ರಾಜವಂಶದ ಆರ್ನುಲ್ಫ್‌ಗೆ ಕೊಟ್ಟ. ಆರ್ನುಲ್ಫ್ ನಗರವನ್ನೇ ರಾಜನ ಶತ್ರುವಿಗೆ ಬಿಟ್ಟುಕೊಟ್ಟ. 991ರಲ್ಲಿ ಬಿಷಪ್‌ಗಳ ಸಭೆ ಸೇರಿ ಅವನನ್ನು ಕೆಳಗಿಳಿಸಿ ಗೆರ್ಬರ್ಟರನ್ನು ಆರ್ಚ್‌ಬಿಷಪ್ ಮಾಡಿತು. ರೋಮ್ ಒಪ್ಪಲಿಲ್ಲ. ಪೋಪರನ್ನು ಕೇಳದೆ ಆರ್ಚ್‌ಬಿಷಪ್‌ನನ್ನು ಇಳಿಸುವ ಅಧಿಕಾರ ನಿಮಗೆಲ್ಲಿದೆ ಎಂಬುದು ಅವರ ವಾದ.

ಈ ಜಗಳ ವರ್ಷಗಟ್ಟಲೆ ಎಳೆಯಿತು. ತಮ್ಮ ಸ್ವಂತ ಜನರೇ ತಮ್ಮ ಜೊತೆ ಊಟಕ್ಕೆ ಕೂರುವುದಿಲ್ಲ, ತಾವು ನಡೆಸುವ ಪೂಜೆಗೆ ಬರುವುದಿಲ್ಲ ಎಂದು ಗೆರ್ಬರ್ಟ್ ರಾಣಿಗೆ ನೋವಿನಿಂದ ಬರೆದಿದ್ದಾರೆ. 991ರ ಸಭೆಯ ವರದಿಯನ್ನು ಬರೆದವರೂ ಅವರೇ. ಅದರಲ್ಲಿ ಓರ್ಲಿಯನ್ಸಿನ ಬಿಷಪ್ ರೋಮಿನ ಪೋಪರುಗಳನ್ನು ತರಾಟೆಗೆ ತೆಗೆದುಕೊಂಡ ಭಾಷಣ ಇದೆ. ಪ್ರೀತಿಯಿಲ್ಲದೆ ಬರೀ ವಿದ್ಯೆಯ ಗರ್ವದಿಂದ ಆ ಪೀಠದಲ್ಲಿ ಕೂತವನು ಕ್ರಿಸ್ತವಿರೋಧಿ ಎನ್ನುವಷ್ಟು ಖಾರವಾದ ಮಾತು.

997ರಲ್ಲಿ ಅವರು ರೇಮ್ಸ್ ಬಿಟ್ಟು ಮೂರನೇ ಒಟ್ಟೊ ಬಳಿ ಹೋದರು. ಹದಿನೇಳರ ಚಕ್ರವರ್ತಿ. ತಾಯಿ ಬೈಜಾಂಟಿಯಮ್ ಎಂಬ ಪೂರ್ವದ ಗ್ರೀಕ್ ಸಾಮ್ರಾಜ್ಯದ ಕಡೆಯವಳು. ನಮ್ಮ ಸ್ಯಾಕ್ಸನ್ ಒರಟುತನ ತೆಗೆದು ಗ್ರೀಕರ ಸೂಕ್ಷ್ಮತೆ ಕಲಿಸಿ, ಅಂಕಗಣಿತದ ಪುಸ್ತಕವನ್ನೂ ವಿವರಿಸಿ ಎಂದು ಒಟ್ಟೊ ಅವರನ್ನು ಕೇಳಿಕೊಂಡಿದ್ದ. ಮರುವರ್ಷ ರವೆನ್ನಾದ ಆರ್ಚ್‌ಬಿಷಪ್ ಪಟ್ಟ. 999ರ ಏಪ್ರಿಲಿನಲ್ಲಿ ಪೋಪ್. ಫ್ರಾನ್ಸಿನಿಂದ ಬಂದ ಮೊದಲ ಪೋಪ್ ಅವರೇ. ರೇಮ್ಸ್, ರವೆನ್ನಾ, ರೋಮ್ ಎಂಬ ಮೂರು ಊರುಗಳ ಮೊದಲ ಅಕ್ಷರ ಒಂದೇ ಎಂದು ಆಗಲೇ ಒಂದು ಲ್ಯಾಟಿನ್ ಪದ್ಯ ಹುಟ್ಟಿಕೊಂಡಿತ್ತು. ಸಿಲ್ವೆಸ್ಟರ್ ಎಂಬ ಹೆಸರು ಆರಿಸಿಕೊಂಡಿದ್ದಕ್ಕೂ ಕಾರಣವಿತ್ತು. ಮೊದಲನೇ ಸಿಲ್ವೆಸ್ಟರ್, ರೋಮಿನ ಮೊದಲ ಕ್ರೈಸ್ತ ಚಕ್ರವರ್ತಿ ಕಾನ್‌ಸ್ಟಂಟೈನ್ ಕಾಲದ ಪೋಪ್. ಚಕ್ರವರ್ತಿ ಮತ್ತು ಪೋಪ್ ಒಟ್ಟಿಗೆ ಹೊಸ ರೋಮ್ ಕಟ್ಟಬೇಕು ಎಂಬುದು ಈ ಗುರುಶಿಷ್ಯರ ಕನಸು.

ಪೋಪ್ ಆದವರು ಮೊದಲ ವರ್ಷವೇ ಮಾಡಿದ ಒಂದು ಕೆಲಸ ನೋಡಿ. ತಮ್ಮ ಹಳೆಯ ಎದುರಾಳಿ ಆರ್ನುಲ್ಫ್‌ನನ್ನು ರೇಮ್ಸ್‌ನ ಆರ್ಚ್‌ಬಿಷಪ್ ಎಂದು ಒಪ್ಪಿ ಆದೇಶ ಕೊಟ್ಟರು. ಅವನನ್ನು ಇಳಿಸಿದ್ದು ರೋಮಿನ ಒಪ್ಪಿಗೆಯಿಲ್ಲದೆ, ಹಾಗಾಗಿ ಅವನು ಪಟ್ಟದಲ್ಲಿ ಮುಂದುವರಿಯಬಹುದು ಎಂದರು. ತಾವು ಇಷ್ಟು ವರ್ಷ ಯಾವುದರ ವಿರುದ್ಧ ವಾದಿಸಿದ್ದರೋ ಅದನ್ನೇ ಈಗ ಎತ್ತಿಹಿಡಿದರು. ಇದು ಅವಕಾಶವಾದ ಎಂದು ಕೆಲವರು ಹೇಳುತ್ತಾರೆ. ನನಗೆ ಹಾಗನಿಸುವುದಿಲ್ಲ. ಸೇಡು ತೀರಿಸಿಕೊಳ್ಳುವ ಅಧಿಕಾರ ಕೈಗೆ ಬಂದಾಗ ಬಿಟ್ಟುಕೊಡುವುದು ದೊಡ್ಡತನವೇ.

ಪೂರ್ವ ಯುರೋಪಿನಲ್ಲಿ ಅವರ ಹೆಜ್ಜೆ ಇನ್ನೂ ಅಳಿಸಿಲ್ಲ. 1000ನೇ ವರ್ಷ ಒಟ್ಟೊ ಪೋಲೆಂಡಿನ ಗ್ನಿಯೆಜ್ನೊ ಊರಿಗೆ, ಸಂತ ಅಡಾಲ್ಬರ್ಟರ ಸಮಾಧಿಗೆ ಯಾತ್ರೆ ಹೋದ. ಆಗ ಅಲ್ಲಿ ಆರ್ಚ್‌ಬಿಷಪ್ ಪೀಠ ನೆಲೆಯಾಯಿತು. ಪೋಲೆಂಡಿನ ಚರ್ಚ್ ಇನ್ನು ಜರ್ಮನಿಯ ಬಿಷಪ್‌ಗಳ ಕೈ ನೋಡಬೇಕಿರಲಿಲ್ಲ. ಹಂಗೇರಿಯಲ್ಲೂ ಹಾಗೆಯೇ. ಅದೇ ವರ್ಷದ ಕೊನೆಗೋ 1001ರ ಮೊದಲಿಗೋ ಸ್ಟೀಫನ್ ಅಲ್ಲಿನ ಮೊದಲ ಕ್ರೈಸ್ತ ರಾಜನಾಗಿ ಕಿರೀಟ ಧರಿಸಿದ. ಎಸ್ಟೆರ್ಗೊಮ್ ಊರಿನಲ್ಲಿ ಹಂಗೇರಿಯವರದ್ದೇ ಆರ್ಚ್‌ಬಿಷಪ್ ಪೀಠ ಬಂತು. ಕಿರೀಟ ಕಳಿಸಿದ್ದು ಸಿಲ್ವೆಸ್ಟರ್ ಎಂದು ಹಂಗೇರಿಯ ಪರಂಪರೆ. ಈಗ ಬುಡಾಪೆಸ್ಟಿನ ಸಂಸತ್ ಭವನದಲ್ಲಿರುವ ಕಿರೀಟ ಮಾತ್ರ ಅದಲ್ಲ. ಅದರ ಕೆಳಭಾಗದಲ್ಲಿ 1071ರಿಂದ 1078ರವರೆಗೆ ಆಳಿದ ಬೈಜಾಂಟಿಯಮ್‌ನ ಏಳನೇ ಮೈಕೇಲ್‌ನ ಚಿತ್ರ ಇದೆ.

1001ರ ಇನ್ನೊಂದು ದಾಖಲೆ ನನಗೆ ಬಹಳ ಮುಖ್ಯ. ರೋಮನ್ನೂ ಪಶ್ಚಿಮದ ಸಾಮ್ರಾಜ್ಯವನ್ನೂ ಕಾನ್‌ಸ್ಟಂಟೈನ್ ಪೋಪರಿಗೆ ದಾನ ಕೊಟ್ಟಿದ್ದ ಎಂಬ ಹಳೆಯ ಪತ್ರ ಒಂದಿತ್ತು. ಆ ಪತ್ರ ನಕಲಿ ಎಂದು ಒಟ್ಟೊ ತನ್ನ ಆಜ್ಞೆಯಲ್ಲಿ ನೇರವಾಗಿ ಹೇಳಿದ. ಹೇಳಿ, ತನ್ನ ಗುರುವಿನ ಮೇಲಿನ ಪ್ರೀತಿಗೆ ಎಂಟು ಸೀಮೆಗಳನ್ನು ತಾನೇ ಕೊಟ್ಟ. ಆ ಪತ್ರದ ಬಂಡವಾಳ ವಿದ್ವತ್ತಿನ ವಾದದಿಂದ ಬಯಲಾಗಲು 1440ರಲ್ಲಿ ಇಟಲಿಯ ವಿದ್ವಾಂಸ ಲೊರೆಂಜೊ ವಲ್ಲಾ ಬರಬೇಕಾಯಿತು.

ಕನಸು ಬೇಗ ಮುರಿಯಿತು. 1001ರಲ್ಲೇ ರೋಮಿನ ಜನ ದಂಗೆ ಎದ್ದು ಗುರುಶಿಷ್ಯರಿಬ್ಬರೂ ಊರು ಬಿಡಬೇಕಾಯಿತು. 1002ರ ಜನವರಿಯಲ್ಲಿ ಒಟ್ಟೊ ಸತ್ತ. ವಯಸ್ಸು 21. ಸಿಲ್ವೆಸ್ಟರ್ ರೋಮಿಗೆ ಮರಳಿದರು, ಆದರೆ ಊರು ಸ್ಥಳೀಯ ಶ್ರೀಮಂತರ ಕೈಯಲ್ಲಿತ್ತು. ಮರುವರ್ಷ ಅವರೂ ಹೋದರು.

ಆ ಗಲಾಟೆಯ ನಡುವೆಯೂ ಗಣಿತದ ಪ್ರಶ್ನೆಗಳು ಅವರಿಗೆ ಬರುತ್ತಿದ್ದವು. ಮುಂದೆ ಉಟ್ರೆಕ್ಟಿನ ಬಿಷಪ್ ಆದ ಅಡೆಲ್ಬೋಲ್ಡ್ ಗೋಳದ ಘನ ಅಳತೆಯ ಬಗ್ಗೆ ಪೋಪರಿಗೇ ಕಾಗದ ಬರೆದಿದ್ದ. ಅದೇ ಅಡೆಲ್ಬೋಲ್ಡ್‌ನ ಇನ್ನೊಂದು ಗೊಂದಲಕ್ಕೆ ಗೆರ್ಬರ್ಟ್ ಕೊಟ್ಟ ಉತ್ತರ ಉಳಿದಿದೆ. ಮೂರೂ ಬದಿ ಏಳು ಅಡಿ ಇರುವ ತ್ರಿಕೋನ. ಒಂದು ಸೂತ್ರದಲ್ಲಿ ವಿಸ್ತೀರ್ಣ 28 ಬರುತ್ತದೆ, ಇನ್ನೊಂದರಲ್ಲಿ 21. ಯಾವುದು ಸರಿ? ಗೆರ್ಬರ್ಟ್ ಹೇಳಿದರು: 28 ಬರುವುದು ಒಂದಡಿ ಚೌಕಗಳನ್ನು ಎಣಿಸಿದಾಗ. ಅಂಚಿನ ಚೌಕಗಳು ತ್ರಿಕೋನದಿಂದ ಹೊರಗೆ ಚಾಚಿಕೊಂಡಿರುತ್ತವೆ, ಅವನ್ನೂ ಪೂರ್ತಿ ಎಣಿಸಿದ್ದೀಯ. 21 ಸರಿ. ಇವತ್ತಿನ ಲೆಕ್ಕದಲ್ಲಿ ಅದು 21.2. ಎಷ್ಟು ಹತ್ತಿರ!

ಇನ್ನು ಮಾಟದ ಕಥೆ. ಹನ್ನೊಂದನೇ ಶತಮಾನದ ಕೊನೆಗೆ ಪೋಪ್ ಏಳನೇ ಗ್ರೆಗೊರಿ ಮತ್ತು ಚಕ್ರವರ್ತಿ ನಾಲ್ಕನೇ ಹೆನ್ರಿ ನಡುವೆ ದೊಡ್ಡ ಜಗಳ. ಹೆನ್ರಿ ಕಡೆ ಸೇರಿದ್ದ ಬೆನೊ ಎಂಬ ಕಾರ್ಡಿನಲ್, ಗ್ರೆಗೊರಿಯ ಹೆಸರು ಕೆಡಿಸಲು ಒಂದು ಬರಹ ಹೊರಡಿಸಿದ. ರೋಮಿನಲ್ಲಿ ಮಾಟದ ಗುರುಪರಂಪರೆಯೇ ಇದೆ, ಅದು ಶುರುವಾದದ್ದು ಗೆರ್ಬರ್ಟ್‌ನಿಂದ ಎಂದ. ಅಂದರೆ ಏಟು ಬಿದ್ದದ್ದು ಗೆರ್ಬರ್ಟ್ ಹೆಸರಿಗೆ, ಗುರಿ ಇದ್ದದ್ದು ಗ್ರೆಗೊರಿ. ಸುಮಾರು 1125ರಲ್ಲಿ ಇಂಗ್ಲೆಂಡಿನ ಸನ್ಯಾಸಿ, ಮಾಮ್ಸ್‌ಬರಿಯ ವಿಲಿಯಂ ಇದಕ್ಕೆ ರೆಕ್ಕೆಪುಕ್ಕ ಕಟ್ಟಿದ. ಅರಬ್ ಗುರುವಿನ ಪುಸ್ತಕ ಕದ್ದು ಓಡಿದ್ದು, ಕೇಳಿದ್ದಕ್ಕೆಲ್ಲ ಹೌದು ಇಲ್ಲ ಎನ್ನುವ ಲೋಹದ ತಲೆ, ಎಲ್ಲವೂ ಅವನಲ್ಲಿದೆ. ಜೆರುಸಲೇಮಿನಲ್ಲಿ ಪೂಜೆ ಮಾಡುವವರೆಗೆ ಸಾವಿಲ್ಲ ಎಂದು ಆ ತಲೆ ಹೇಳಿತ್ತಂತೆ, ರೋಮಿನಲ್ಲೇ ಜೆರುಸಲೇಮ್ ಹೆಸರಿನ ಚರ್ಚ್ ಇರುವುದು ಅವರಿಗೆ ಹೊಳೆಯಲಿಲ್ಲವಂತೆ. ಚರ್ಚ್ ಅವರನ್ನು ಅಧಿಕೃತವಾಗಿ ಎಂದೂ ಖಂಡಿಸಲಿಲ್ಲ. ಪೋಪರ ಪಟ್ಟಿಯಲ್ಲಿ ಅವರ ಹೆಸರು ಇವತ್ತಿಗೂ ಇದೆ. 999ರ ಕೊನೆಯ ರಾತ್ರಿ ಲೋಕ ಮುಳುಗುತ್ತದೆ ಎಂದು ಜನ ನಡುಗುತ್ತಿದ್ದರು, ಸಿಲ್ವೆಸ್ಟರ್ ಪೂಜೆ ಮಾಡಿದರು ಎಂಬುದನ್ನೂ ನೀವು ಕೇಳಿರಬಹುದು. ಅದೂ ಬಹಳ ಕಾಲದ ಮೇಲೆ ಕಟ್ಟಿದ ಚಿತ್ರ.

ಅವರ ಸಮಾಧಿ ರೋಮಿನ ಲ್ಯಾಟೆರನ್ ಚರ್ಚಿನಲ್ಲಿತ್ತು. ಕೆಲವೇ ವರ್ಷಗಳಲ್ಲಿ ಪೋಪ್ ನಾಲ್ಕನೇ ಸರ್ಜಿಯಸ್ ಅಲ್ಲಿ ಪದ್ಯದ ಶಾಸನ ಬರೆಸಿದರು. ಆ ಕಲ್ಲು ಈಗಲೂ ಇದೆ. ಕೊನೆಯ ದಿನದ ತುತ್ತೂರಿಯ ಸದ್ದಿಗೆ ಈ ಜಾಗ ಸಿಲ್ವೆಸ್ಟರರ ದೇಹವನ್ನು ದೇವರಿಗೆ ಒಪ್ಪಿಸುತ್ತದೆ ಎಂದು ಅದರ ಆರಂಭ. ಜನ ಅದನ್ನು ತಪ್ಪಾಗಿ ಓದಿಕೊಂಡರು. ಯಾವ ಪೋಪ್ ಸಾಯುವ ಮೊದಲೂ ಈ ಸಮಾಧಿಯಲ್ಲಿ ಮೂಳೆ ಸದ್ದು ಮಾಡುತ್ತದೆ, ಕಲ್ಲು ಬೆವರುತ್ತದೆ ಎಂಬ ನಂಬಿಕೆ ಬೆಳೆಯಿತು. ನೀವು ರೋಮಿಗೆ ಹೋದರೆ ಆ ಕಲ್ಲಿನ ಜೊತೆ 1909ರಲ್ಲಿ ಹಂಗೇರಿಯವರು ಇಡಿಸಿದ ಸ್ಮಾರಕವನ್ನೂ ನೋಡಬಹುದು. ಓರಿಯಾಕ್‌ನಲ್ಲಿ 1851ರಲ್ಲಿ ನಿಲ್ಲಿಸಿದ ಅವರ ಪ್ರತಿಮೆ ಇದೆ, ಮಾಡಿದವನು ಡೇವಿಡ್ ದಾಂಜೆ. ರೇಮ್ಸ್‌ನಲ್ಲಿ ಅವರ ಹತ್ತಿರ ಪಾಠ ಕಲಿತವರಲ್ಲಿ ಹ್ಯೂ ಕಾಪೆಟ್‌ನ ಮಗ ರಾಬರ್ಟ್ ಕೂಡ ಒಬ್ಬ. ಅವನು ಮುಂದೆ ಫ್ರಾನ್ಸಿನ ರಾಜನಾದ. ಉಳಿದ ಶಿಷ್ಯರು ಬೇರೆ ಬೇರೆ ಊರುಗಳ ಶಾಲೆಗಳಿಗೆ ಚದುರಿ ಅದೇ ಅಬಾಕಸ್, ಅದೇ ಬಿಲ್ಲೆ ಹಿಡಿದು ಕಲಿಸಿದರು. ಹನ್ನೊಂದನೇ ಶತಮಾನದಲ್ಲಿ ಅಬಾಕಸ್ ಬಗ್ಗೆ ಲ್ಯಾಟಿನ್‌ನಲ್ಲಿ ಬರಹಗಳ ಸಾಲೇ ಬಂತು. ಅವುಗಳಲ್ಲಿ ಬಹಳಷ್ಟು ಈ ಮೇಷ್ಟ್ರ ಪಾಠದಿಂದಲೇ ಹೊರಟವು.